ಜೊತೆಯಲ್ಲಿ ಹತ್ತುವವರು ಜೊತೆಯಲ್ಲೇ ಸಿಗರೇಟು ಬಿಡಲಿ

1922ರ ಮೇ ತಿಂಗಳ ಕೊನೆಯ ವಾರ. ಎವರೆಸ್ಟಿನ ಉತ್ತರ ಭಾಗದಲ್ಲಿ, ಸುಮಾರು 7,770 ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಗುಡಾರ. ರಸಾಯನಶಾಸ್ತ್ರಜ್ಞ ಜಾರ್ಜ್ ಫಿಂಚ್, ಸೇನಾಧಿಕಾರಿ ಜೆಫ್ರಿ ಬ್ರೂಸ್ ಮತ್ತು ಗೂರ್ಖಾ ಸೈನಿಕ ತೇಜ್‌ಬೀರ್ ಬಿರುಗಾಳಿಗೆ ಸಿಕ್ಕಿ ಅದರೊಳಗೆ ಉಳಿದುಬಿಟ್ಟಿದ್ದರು. ಅಷ್ಟು ಎತ್ತರದಲ್ಲಿ ಗಮನವಿಟ್ಟು ಎಳೆದರೆ ಮಾತ್ರ ಉಸಿರು ಸಾಲುತ್ತದೆ ಎಂದು ಅವರಿಗೆ ಅನಿಸುತ್ತಿತ್ತು. ಸಿಗರೇಟು ಹಚ್ಚಿದಾಗ ಆ ಕಷ್ಟ ತಪ್ಪಿತು, ಉಸಿರಾಟ ಸಲೀಸಾಯಿತು ಎಂದು ಫಿಂಚ್ ಆಮೇಲೆ ಬರೆದರು. ಆದರೆ ಆ ಗುಡಾರದಲ್ಲಿ ಅವರಿಗೆ ನಿದ್ದೆಯನ್ನೂ ಮೈಗೆ ಬಿಸುಪನ್ನೂ ಕೊಟ್ಟದ್ದು ಜೊತೆಗೆ ಒಯ್ದಿದ್ದ ಆಮ್ಲಜನಕ. ಅದರ ಬಲದಿಂದಲೇ ಫಿಂಚ್ ಮತ್ತು ಬ್ರೂಸ್ ಮರುದಿನ ಸುಮಾರು 8,300 ಮೀಟರ್‌ವರೆಗೆ ಏರಿದರು. ಅಲ್ಲಿಯವರೆಗೆ ಯಾವ ಪರ್ವತಾರೋಹಿಯೂ ಅಷ್ಟು ಎತ್ತರ ಮುಟ್ಟಿರಲಿಲ್ಲ.

ಆಮ್ಲಜನಕ ನೆರವಾಯಿತು ಎಂಬುದನ್ನು ವಿಜ್ಞಾನ ಒಪ್ಪಿತು. ಸಿಗರೇಟು ನೆರವಾಯಿತು ಎಂಬುದನ್ನು ಒಪ್ಪಲಿಲ್ಲ. ಆದರೂ ನೂರು ವರ್ಷಗಳ ಮೇಲೆ ಇವತ್ತಿಗೂ ಬಂಡೆ ಹತ್ತುವವರ ನಡುವೆ ಆ ನಂಬಿಕೆ ಬೇರೆ ಬೇರೆ ರೂಪದಲ್ಲಿ ಉಳಿದಿದೆ. "ಒಂದು ದಮ್ಮು ಎಳೆದರೆ ತಲೆ ಸ್ಥಿಮಿತಕ್ಕೆ ಬರುತ್ತೆ", "ಭಯ ಕಡಿಮೆಯಾಗುತ್ತೆ", "ಹೊಟ್ಟೆ ಹಸಿಯಲ್ಲ, ತೂಕ ಏರಲ್ಲ" ಎನ್ನುವ ಮಾತುಗಳು ಬಾದಾಮಿಯ ಕೆಂಪು ಬಂಡೆಗಳ ಕೆಳಗೂ ಕೇಳಿಸುತ್ತವೆ, ಹಂಪಿಯ ಗುಂಡುಗಳ ನಡುವೆಯೂ ಕೇಳಿಸುತ್ತವೆ, ಬೆಂಗಳೂರಿನ ಕ್ಲೈಂಬಿಂಗ್ ಜಿಮ್‌ಗಳ ಹೊರಗಿನ ಟೀ ಅಂಗಡಿಯಲ್ಲೂ ಕೇಳಿಸುತ್ತವೆ. ಮೈಯನ್ನು ಇಷ್ಟೊಂದು ಜತನದಿಂದ ಪಳಗಿಸುವ ಜನ, ಒಂದು ಬೆರಳಿನ ನೋವಿಗೂ ವಾರಗಟ್ಟಲೆ ವಿಶ್ರಾಂತಿ ಕೊಡುವ ಜನ, ನಿಕೊಟಿನ್ ವಿಷಯದಲ್ಲಿ ಮಾತ್ರ ಸೋಲುವುದು ಅವರ ಮನಸ್ಸು ದುರ್ಬಲ ಎಂಬ ಕಾರಣಕ್ಕಲ್ಲ. ಚಟ ಬಿಡುವುದು ಒಬ್ಬೊಬ್ಬರ ಖಾಸಗಿ ಹೋರಾಟ ಎಂದು ನಾವೆಲ್ಲ ನಂಬಿರುವುದರಿಂದ. ಆ ನಂಬಿಕೆ ತಪ್ಪು. ಸಿಗರೇಟು ಹಿಡಿಯುವುದು ಗೆಳೆಯರ ಗುಂಪಿನಲ್ಲಿ. ಬಿಡುವುದಕ್ಕೂ ಗುಂಪು ಬೇಕು.

ಬಂಡೆ ಹತ್ತುವ ಒಂದು ದಿನ ಹೇಗೆ ಕಳೆಯುತ್ತದೆ ಎಂದು ನೋಡಿದರೆ ಚಟ ಎಲ್ಲಿ ನುಸುಳುತ್ತದೆ ಎಂಬುದು ತಿಳಿಯುತ್ತದೆ. ನಾಲ್ಕು ಜನರ ತಂಡಕ್ಕೆ ಒಂದು ಹಗ್ಗ. ಒಬ್ಬರು ಹತ್ತುತ್ತಾರೆ, ಇನ್ನೊಬ್ಬರು ಕೆಳಗೆ ಬಿಲೇ (ಹತ್ತುವವರು ಬಿದ್ದರೆ ತಡೆಯುವ ಹಗ್ಗ) ಹಿಡಿದಿರುತ್ತಾರೆ, ಮಿಕ್ಕ ಇಬ್ಬರು ಸರದಿ ಕಾಯುತ್ತಾರೆ. ಅಂದರೆ ದಿನದ ದೊಡ್ಡ ಪಾಲು ಕಾಯುವುದರಲ್ಲೇ ಹೋಗುತ್ತದೆ. ಹತ್ತುವ ಮುಂಚೆ ಅಳುಕು, ಇಳಿದ ಮೇಲೆ ನಿರಾಳ. ಖಾಲಿ ಹೊತ್ತು, ಅಳುಕು, ನಿರಾಳ: ಸಿಗರೇಟು ಹಚ್ಚಲು ಈ ಮೂರಕ್ಕಿಂತ ಒಳ್ಳೆಯ ನೆಪ ಬೇಡ. ಪಕ್ಕದಲ್ಲಿ ಪ್ಯಾಕ್ ತೆರೆದು ನೀಡುವ ಗೆಳೆಯನೂ ಇದ್ದರೆ ಮುಗಿಯಿತು. ವಾರದ ಐದು ದಿನ ಸೇದದೆ ಇರುವವರು ಶನಿವಾರ ಭಾನುವಾರ ಬಂಡೆಯ ಕೆಳಗೆ ಸೇದುವುದು ಇದೇ ಕಾರಣಕ್ಕೆ. ಮಿದುಳು ಆ ಜಾಗವನ್ನೂ ಆ ಜನರನ್ನೂ ನಿಕೊಟಿನ್ ಜೊತೆ ಸೇರಿಸಿ ನೆನಪಿಟ್ಟುಕೊಂಡಿರುತ್ತದೆ.

ಎಳೆದ ಹೊಗೆಯ ನಿಕೊಟಿನ್ ಶ್ವಾಸಕೋಶದಿಂದ ಮಿದುಳಿಗೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ತಲುಪುತ್ತದೆ. ಅಲ್ಲಿ ಡೋಪಮಿನ್ ಬಿಡುಗಡೆಯಾಗಿ ಹಿತ ಅನಿಸುತ್ತದೆ. ರಕ್ತದಲ್ಲಿರುವ ನಿಕೊಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಳಿದಂತೆಲ್ಲ ಚಡಪಡಿಕೆ, ಸಿಡುಕು, ಗಮನ ನಿಲ್ಲದಿರುವುದು ಶುರುವಾಗುತ್ತದೆ. ಮುಂದಿನ ಸಿಗರೇಟು ತಣಿಸುವುದು ಈ ಚಡಪಡಿಕೆಯನ್ನೇ. ಬಂಡೆಯ ಭಯವನ್ನಲ್ಲ. ಭಯದ ಹೊತ್ತಿನಲ್ಲಿ ಎದೆಬಡಿತ ಇಳಿಯಬೇಕು. ನಿಕೊಟಿನ್ ಅದನ್ನು ಏರಿಸುತ್ತದೆ. ಸಿಗರೇಟು ಬಿಟ್ಟವರ ಮನಃಸ್ಥಿತಿಯ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು. ಸೇದುತ್ತಲೇ ಇದ್ದವರಿಗೆ ಆ ನೆಮ್ಮದಿ ಸಿಕ್ಕಿರಲಿಲ್ಲ.

ಹತ್ತುವವರಿಗೆ ಬೆರಳೇ ಆಸ್ತಿ. ನಿಕೊಟಿನ್ ಚರ್ಮದ, ಅದರಲ್ಲೂ ಬೆರಳುಗಳ, ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಚಳಿಯ ಮುಂಜಾನೆ ಕಲ್ಲು ಹಿಡಿದಾಗ ಬೆರಳು ಬೇಗ ಮರಗಟ್ಟುತ್ತದೆ. ಹಿಮಾಲಯದ ಎತ್ತರದಲ್ಲಿ ಇದೇ ಗುಣ ಹಿಮಗಡಿತದ ಅಪಾಯವನ್ನು ಹೆಚ್ಚಿಸುತ್ತದೆ. ಬರ್ಜರ್ ಕಾಯಿಲೆ ಎಂಬುದೊಂದಿದೆ. ಕೈಕಾಲು ಬೆರಳುಗಳ ರಕ್ತನಾಳ ಮುಚ್ಚಿಕೊಂಡು ಹುಣ್ಣಾಗಿ, ಕೊನೆಗೆ ಬೆರಳನ್ನೇ ಕತ್ತರಿಸಬೇಕಾಗುವ ಈ ರೋಗ ಬರುವುದು ಹೆಚ್ಚುಕಡಿಮೆ ತಂಬಾಕು ಬಳಸುವವರಿಗೆ ಮಾತ್ರ. ಅಪರೂಪದ್ದೇ ಆದರೂ ಬೀಡಿ ಸೇದುವವರಿರುವ ನಮ್ಮ ದೇಶದಲ್ಲಿ ವೈದ್ಯರಿಗೆ ಅದು ಅಪರಿಚಿತವಲ್ಲ. ಇನ್ನು ಮೂಳೆ ಮುರಿದರೆ, ಗಾಯವಾದರೆ, ಸೇದುವವರಲ್ಲಿ ಅದು ಕೂಡಿಕೊಳ್ಳುವುದೂ ತಡ.

ಹೊಗೆಯಲ್ಲಿ ನಿಕೊಟಿನ್ ಒಂದೇ ಇಲ್ಲ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡಷ್ಟು ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಕೆಲಸಕ್ಕೆ ಬರುವುದಿಲ್ಲ. ಕಲ್ಲನ್ನು ಬಿಗಿಯಾಗಿ ಹಿಡಿದಾಗ ಮುಂಗೈ ಸ್ನಾಯುಗಳೇ ತಮ್ಮೊಳಗಿನ ರಕ್ತನಾಳಗಳನ್ನು ಹಿಸುಕುತ್ತವೆ. ಅದಕ್ಕೇ ಹತ್ತುವವರು ಸಿಕ್ಕ ಒಳ್ಳೆಯ ಹಿಡಿಯಲ್ಲಿ ನಿಂತು ಒಂದು ಕೈ ಇಳಿಬಿಟ್ಟು ಕೊಡವಿ ರಕ್ತ ಹರಿಸಿಕೊಳ್ಳುತ್ತಾರೆ. ಆ ಅರೆನಿಮಿಷದಲ್ಲಿ ಹರಿದು ಬರುವ ರಕ್ತ ಪೂರ್ತಿ ಆಮ್ಲಜನಕ ಹೊತ್ತು ತರಬೇಕು. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ ಮಾತ್ರ. ಅಲ್ಲಿ ಈ ಲೆಕ್ಕ ಇನ್ನೂ ಕಟ್ಟುನಿಟ್ಟು.

ಒಳ್ಳೆಯ ಸುದ್ದಿ ಏನೆಂದರೆ ಬಿಟ್ಟ ದಿನದಿಂದಲೇ ಮೈ ಚೇತರಿಸಿಕೊಳ್ಳತೊಡಗುತ್ತದೆ. 20 ನಿಮಿಷದಲ್ಲಿ ಎದೆಬಡಿತ, ರಕ್ತದೊತ್ತಡ ಇಳಿಯತೊಡಗುತ್ತವೆ. ಒಂದೆರಡು ದಿನದೊಳಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಸೇದದವರ ಮಟ್ಟಕ್ಕೆ ಬರುತ್ತದೆ. 2 ವಾರದಿಂದ 3 ತಿಂಗಳೊಳಗೆ ರಕ್ತಸಂಚಾರ ಸುಧಾರಿಸುತ್ತದೆ, ಶ್ವಾಸಕೋಶದ ಶಕ್ತಿ ಹೆಚ್ಚುತ್ತದೆ. ಮುಂದಿನ ತಿಂಗಳುಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತವೆ. ಒಂದು ವರ್ಷ ಕಳೆಯುವ ಹೊತ್ತಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧದಷ್ಟು ಇಳಿದಿರುತ್ತದೆ. ಬೇರೆಯವರು ಈ ಬದಲಾವಣೆಗಳನ್ನು ವೈದ್ಯರ ವರದಿಯಲ್ಲಿ ಓದಿ ತಿಳಿಯಬೇಕು. ಹತ್ತುವವರು ಬಂಡೆಗೆ ನಡೆದುಹೋಗುವ ಏರುದಾರಿಯಲ್ಲಿ ತಮ್ಮ ಉಸಿರಿನಲ್ಲೇ ಕಾಣಬಹುದು.

ಇಷ್ಟೆಲ್ಲ ಗೊತ್ತಿದ್ದೂ ಬಿಡುವುದು ಕಷ್ಟ. ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳು, ವರ್ಷದ ಮೇಲೂ ಬಿಟ್ಟೇ ಇರುವವರು ನೂರಕ್ಕೆ 3ರಿಂದ 5 ಮಂದಿ. ಉಳಿದವರಿಗೆ ಛಲವಿರಲಿಲ್ಲ ಎಂದು ಹೇಳುವುದು ಕ್ರೂರ. ಅವರಿಗೆ ನೆರವಿರಲಿಲ್ಲ ಎಂಬುದು ನಿಜ.

ಗೆಳೆಯರ ಪ್ರಭಾವ ಎಷ್ಟು ಎಂಬುದನ್ನು ಅಳೆದ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ದಶಕಗಳಿಂದ ನಡೆದುಬಂದ ಹೃದಯದ ಅಧ್ಯಯನದ ದಾಖಲೆಗಳನ್ನು ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಎಂಬ ಇಬ್ಬರು ವಿದ್ವಾಂಸರು ಪರಿಶೀಲಿಸಿದರು. 1971ರಿಂದ 2003ರವರೆಗಿನ 12,067 ಜನರಲ್ಲಿ ಯಾರು ಯಾರ ಗೆಳೆಯರು, ಯಾರು ಯಾವಾಗ ಸಿಗರೇಟು ಬಿಟ್ಟರು ಎಂಬುದನ್ನು ನೋಡಿ 2008ರಲ್ಲಿ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ನೂರಕ್ಕೆ 67ರಷ್ಟು ಕಡಿಮೆಯಾಗಿತ್ತು. ಗೆಳೆಯ ಬಿಟ್ಟರೆ 36ರಷ್ಟು, ಒಡಹುಟ್ಟಿದವರು ಬಿಟ್ಟರೆ 25ರಷ್ಟು. ಗೆಳೆಯನ ಪ್ರಭಾವ ಒಡಹುಟ್ಟಿದವರ ಪ್ರಭಾವಕ್ಕಿಂತ ಹೆಚ್ಚು! ಜನ ಒಬ್ಬೊಬ್ಬರಾಗಿ ಬಿಟ್ಟಿರಲಿಲ್ಲ, ಗುಂಪುಗುಂಪಾಗಿ ಬಿಟ್ಟಿದ್ದರು. ಉಳಿದ ಸೇದುವವರು ಕ್ರಮೇಣ ಗೆಳೆತನದ ಅಂಚಿಗೆ ಸರಿದಿದ್ದರು. ಈ ಕೊನೆಯ ಮಾತನ್ನು ಕ್ಲೈಂಬಿಂಗ್ ತಂಡಗಳು ಮನಸ್ಸಿಗೆ ಹಚ್ಚಿಕೊಳ್ಳಬೇಕು. ಸೇದುವ ಗೆಳೆಯನನ್ನು ಅಂಚಿಗೆ ತಳ್ಳಿದರೆ ಅವನಿಗೆ ಉಳಿಯುವುದು ಸೇದುವವರ ಸಹವಾಸವೊಂದೇ.

ಹಾಗೆಂದು ಗೆಳೆತನವೊಂದೇ ಸಾಕು, ಬಂಡೆ ಹತ್ತಿದರೆ ಚಟ ತಾನಾಗಿ ಹೋಗುತ್ತದೆ ಎಂದು ನಾನು ಹೇಳಲಾರೆ. ಹತ್ತಿಪ್ಪತ್ತು ನಿಮಿಷದ ವ್ಯಾಯಾಮ ಆ ಹೊತ್ತಿನ ಹಂಬಲವನ್ನು ತಗ್ಗಿಸುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ವ್ಯಾಯಾಮದಿಂದಲೇ ವರ್ಷಗಟ್ಟಲೆ ಬಿಟ್ಟಿರಬಹುದು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಮನೆಯವರಿಗೋ ಗೆಳೆಯರಿಗೋ "ಬೆಂಬಲ ಕೊಡಿ" ಎಂದು ಹೇಳಿ ಕಳಿಸಿದ ಮಾತ್ರಕ್ಕೆ ಬಿಡುವವರ ಸಂಖ್ಯೆ ಹೆಚ್ಚಿದ್ದೂ ಕಂಡಿಲ್ಲ. ಆದರೆ ತರಬೇತಿ ಪಡೆದ ಆಪ್ತಸಮಾಲೋಚಕರ ಜೊತೆ ಗುಂಪಾಗಿ ಸೇರಿ ಬಿಡಲು ಹೊರಟವರು, ಪುಸ್ತಕ ಓದಿಕೊಂಡು ತಾವಾಗಿ ಪ್ರಯತ್ನಿಸಿದವರಿಗಿಂತ ಹೆಚ್ಚು ಯಶಸ್ವಿಯಾಗಿದ್ದಾರೆ. ಬೆಂಬಲದ ಬಗೆಯೂ ಮುಖ್ಯ. ಕೆಣಕಿ, ಬೈದು, ಕಾವಲು ಕಾಯುವವರಿಗಿಂತ ಮೆಚ್ಚಿ, ಧೈರ್ಯ ಹೇಳುವವರು ಜೊತೆಗಿದ್ದಾಗ ಫಲ ಹೆಚ್ಚು ಎಂದು ಸಂಗಾತಿಗಳ ಮೇಲೆ ನಡೆದ ಅಧ್ಯಯನ ತೋರಿಸಿದೆ.

ಹತ್ತುವವರಿಗೆ ಇಂಥ ಬೆಂಬಲವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಬಿಲೇ ಹಿಡಿದವರು ಮೇಲಿರುವವರ ಪರವಾಗಿ ಒಂದು ಹೆಜ್ಜೆಯನ್ನೂ ಇಡಲಾರರು. ಆದರೆ ಕಣ್ಣು ಕೀಳದೆ ನೋಡುತ್ತಾರೆ, ಹಗ್ಗ ಬೇಕಾದಾಗ ಸಡಿಲಿಸುತ್ತಾರೆ, ಬಿದ್ದಾಗ ಹಿಡಿಯುತ್ತಾರೆ, "ಯಾಕೆ ಬಿದ್ದೆ" ಎಂದು ಬೈಯುವುದಿಲ್ಲ. ಚಟ ಬಿಡುತ್ತಿರುವ ಗೆಳೆಯನ ಜೊತೆಗೂ ಹೀಗೇ ಇದ್ದರೆ ಸಾಕು.

ತಂಡ ಏನೇನು ಮಾಡಬಹುದು? ಮೊದಲು ದಿನ ಗೊತ್ತುಮಾಡಿ. "ನಿಧಾನವಾಗಿ ಬಿಡ್ತೀನಿ" ಎಂಬ ಮಾತಿಗಿಂತ "ಮುಂದಿನ ಸೋಮವಾರದಿಂದ ಇಲ್ಲ" ಎಂಬುದು ಬಲವಾದ ಮಾತು, ಅದನ್ನು ನಾಲ್ಕು ಜನರ ಎದುರು ಹೇಳಿದರೆ ಇನ್ನೂ ಬಲ. ಮೊದಲ ವಾರ, ಅದರಲ್ಲೂ ಎರಡನೆಯ ಮೂರನೆಯ ದಿನ, ಚಡಪಡಿಕೆ ತುತ್ತತುದಿಯಲ್ಲಿರುತ್ತದೆ. ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಗೆಳೆಯ ಸಿಡುಕಿದರೆ ಅದು ಅವನ ಸ್ವಭಾವವಲ್ಲ ಎಂದು ತಿಳಿದು ಸಹಿಸಿ. ಕಷ್ಟದ ಹೊಸ ಬಂಡೆಗೆ ಕರೆದೊಯ್ಯುವ ವಾರ ಅದಲ್ಲ. ಗಮನ ಚದುರಿದಾಗ ಗಂಟು ತಪ್ಪಬಹುದು. ಅವನ ಹಾರ್ನೆಸ್ಸು, ಗಂಟುಗಳನ್ನು ಎರಡು ಸಲ ನೋಡಿ. ಅವನು ಬಿಲೇ ಹಿಡಿಯುವ ಸರದಿ ಬಂದಾಗ ಹಗ್ಗದ ತುದಿಗೆ ಇನ್ನೊಬ್ಬರ ಕೈ ಇರಲಿ.

ಕಾಯುವ ಹೊತ್ತನ್ನು ಖಾಲಿ ಬಿಡಬೇಡಿ. ಹಂಬಲ ಎದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ. ಆ ನಿಮಿಷಗಳಿಗೆ ಕೆಲಸ ಕೊಡಿ: ಹಗ್ಗ ಸುತ್ತುವುದು, ಮುಂದಿನ ಹಿಡಿಗಳನ್ನು ಕೆಳಗಿಂದಲೇ ಲೆಕ್ಕ ಹಾಕುವುದು, ನೀರು ಕುಡಿಯುವುದು, ಒಂದು ಸುತ್ತು ನಡೆದು ಬರುವುದು. ಹಗ್ಗದ ಬಳಿ ಸೇದುವುದನ್ನು ಯಾರಿಗಾದರೂ ಸರಿ ತಂಡವೇ ನಿಷೇಧಿಸಲಿ. ಹತ್ತುವ ಹಗ್ಗ ನೈಲಾನಿನದು, ಸಿಗರೇಟಿನ ಕೆಂಡ ತಾಗಿದರೆ ಎಳೆ ಕರಗುತ್ತದೆ. ಬೇಸಿಗೆಯಲ್ಲಿ ಬಂಡೆಯ ಸುತ್ತಲಿನ ಒಣಹುಲ್ಲಿಗೆ ಒಂದು ಕಿಡಿ ಸಾಕು. ಎಸೆದ ತುಂಡುಗಳ ಫಿಲ್ಟರ್ ಹತ್ತಿಯದಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು, ವರ್ಷಗಟ್ಟಲೆ ಕೊಳೆಯುವುದಿಲ್ಲ. ಸೇದುವವರು ಇದ್ದರೂ ಬಿಡುತ್ತಿರುವವರ ಕಣ್ಣಿಂದ, ಮೂಗಿನಿಂದ ದೂರ ಹೋಗಿ ಬರಲಿ. ನೀಡುವುದಂತೂ ಬೇಡವೇ ಬೇಡ. "ಮಗಾ, ಒಂದೇ ಒಂದು, ಏನೂ ಆಗಲ್ಲ" ಎನ್ನುವವನಿಗೆ ಅದು ಪ್ರೀತಿಯ ಮಾತು. ಆದರೆ ವಾರಗಟ್ಟಲೆ ಕಷ್ಟಪಟ್ಟು ಬಿಟ್ಟವರನ್ನು ಹಿಂದಕ್ಕೆ ಎಳೆದು ತರುವುದು ಆ ಒಂದೇ ಒಂದು.

ಸಂಜೆ ಇಳಿದು ಬಂದ ಮೇಲಿನ ಬಿಯರು ಇನ್ನೊಂದು ಅಪಾಯದ ಜಾಗ. ಕುಡಿದಾಗ ನಿರ್ಧಾರ ಸಡಿಲಾಗುತ್ತದೆ, ಅದರ ಜೊತೆಗೆ ಸಿಗರೇಟಿನ ನೆನಪೂ ಬರುತ್ತದೆ. ಮೊದಲ ಒಂದೆರಡು ತಿಂಗಳು ಇಡೀ ತಂಡ ಎಳನೀರಿಗೋ ಮಜ್ಜಿಗೆಗೋ ಬದಲಾದರೆ ಬಿಡುವವರಿಗೆ ಒಂಟಿತನ ಕಾಡುವುದಿಲ್ಲ. ಕಾಫಿ ಪ್ರಿಯರು ಇನ್ನೊಂದು ವಿಷಯ ತಿಳಿದಿರಬೇಕು. ಹೊಗೆಯಲ್ಲಿರುವ ರಾಸಾಯನಿಕಗಳಿಂದ ಪಿತ್ತಜನಕಾಂಗ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸಿಗರೇಟು ಬಿಟ್ಟ ಮೇಲೆ ಆ ವೇಗ ತಗ್ಗಿ, ಅಷ್ಟೇ ಕಾಫಿಗೆ ರಕ್ತದಲ್ಲಿ ಕೆಫೀನ್ ಹೆಚ್ಚು ಉಳಿಯುತ್ತದೆ. ನಿದ್ದೆ ಬಾರದಿರುವುದು, ಎದೆ ಡವಡವ ಎನ್ನುವುದು ಎಲ್ಲವೂ ಸಿಗರೇಟು ಬಿಟ್ಟದ್ದರಿಂದಲೇ ಎಂದು ತಿಳಿಯಬೇಡಿ. ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ.

ತೂಕದ ಭಯ ಹತ್ತುವವರಲ್ಲಿ ಎಲ್ಲರಿಗಿಂತ ಹೆಚ್ಚು. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ 4-5 ಕೆ.ಜಿ. ಏರುವುದು ನಿಜ. ಎಲ್ಲರಿಗೂ ಅಷ್ಟೇ ಏರುವುದಿಲ್ಲ, ಕೆಲವರಿಗೆ ಏರುವುದೇ ಇಲ್ಲ. ಮೊದಲ ತಿಂಗಳುಗಳಲ್ಲಿ ಊಟ ಕಡಿಮೆ ಮಾಡಿ ಮೈಯನ್ನು ಇನ್ನೊಂದು ಕಷ್ಟಕ್ಕೆ ದೂಡುವುದು ಬೇಡ. ಸೇದುತ್ತ ತೂಕ ಉಳಿಸಿಕೊಂಡ ಮೈಗಿಂತ ಸ್ವಲ್ಪ ತೂಕ ಏರಿದರೂ ತುಂಬು ಉಸಿರಿರುವ ಮೈ ಮೇಲು. ತೂಕವನ್ನು ಆಮೇಲೆ ಇಳಿಸಬಹುದು.

ಗೆಳೆಯರ ಜೊತೆಗೆ ವೈದ್ಯಕೀಯ ನೆರವೂ ಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಿಕೊಟಿನ್ ಗಮ್, ಪ್ಯಾಚ್‌ಗಳು ಬಿಡುವ ಸಾಧ್ಯತೆಯನ್ನು ಒಂದೂವರೆ ಪಟ್ಟು ಹೆಚ್ಚಿಸುತ್ತವೆ. 2 ಮಿ.ಗ್ರಾಂ. ಗಮ್ ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಜಗಿಯುತ್ತಲೇ ಇರಬಾರದು. ನಿಧಾನವಾಗಿ ಜಗಿದು, ಖಾರ ನಾಲಿಗೆಗೆ ತಟ್ಟಿದಾಗ ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ಜಗಿಯಬೇಕು. ಕಾಫಿ, ಹಣ್ಣಿನ ರಸ ಕುಡಿದ ಕೂಡಲೇ ಹಾಕಿಕೊಂಡರೆ ಅದರ ಗುಣ ಸರಿಯಾಗಿ ಹಿಡಿಯುವುದಿಲ್ಲ. ಹತ್ತುವಾಗ ಬಾಯಲ್ಲಿ ಇಟ್ಟುಕೊಳ್ಳಬೇಡಿ, ಜಾರಿದರೆ ಗಂಟಲಿಗೆ ಸಿಕ್ಕೀತು. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ. ಅವನ್ನು ವೈದ್ಯರು ಹೇಳಿದಂತೆಯೇ ತೆಗೆದುಕೊಳ್ಳಬೇಕು. ಹೃದ್ರೋಗ ಇರುವವರು, ಗರ್ಭಿಣಿಯರು ಗಮ್ಮಿಗೂ ಮುಂಚೆ ವೈದ್ಯರನ್ನು ಕೇಳಬೇಕು.

ಸಿಗರೇಟು ಬಿಟ್ಟು ಕಡ್ಡಿಪುಡಿ, ಗುಟ್ಕಾ, ವೇಪ್ ಹಿಡಿದರೆ ಅದು ಬಿಟ್ಟಂತಲ್ಲ. ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ 2016-17ರ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ತಂಬಾಕು ಬಳಸುತ್ತಿದ್ದರು, ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚಿದ್ದರು. ವೇಪ್, ಅಂದರೆ ಇ-ಸಿಗರೇಟಿನ ತಯಾರಿಕೆ, ಮಾರಾಟಗಳನ್ನು 2019ರ ಕಾಯ್ದೆ ದೇಶದಾದ್ಯಂತ ನಿಷೇಧಿಸಿದೆ. ಹೊಗೆಯಿಲ್ಲದ ನಿಕೊಟಿನ್ನೂ ಬೆರಳಿನ ರಕ್ತನಾಳವನ್ನು ಕುಗ್ಗಿಸುತ್ತದೆ, ಚಟವನ್ನು ಜೀವಂತ ಇಡುತ್ತದೆ. ವೈದ್ಯರ ಸಲಹೆಯ ಗಮ್ಮಿಗೆ ಒಂದು ಕೊನೆ ದಿನವಿದೆ, ಪ್ರಮಾಣ ಇಳಿಯುತ್ತ ಹೋಗುತ್ತದೆ. ಕಡ್ಡಿಪುಡಿಗೆ ಅಂಥ ಕೊನೆಯಿಲ್ಲ.

ಕೊನೆಗೊಂದು ಮುಖ್ಯ ಮಾತು. ಬಿಟ್ಟವರು ಒಂದು ದಿನ ಮತ್ತೆ ಸೇದಿಬಿಡಬಹುದು. ಕೊನೆಗೂ ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಪ್ರಯತ್ನಿಸಿದವರೇ. ಅಂಥ ದಿನ ಗೆಳೆಯ ನಿಮ್ಮಿಂದ ಮುಚ್ಚಿಡುವಂತೆ ಆಗಬಾರದು. "ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಆಯಿತು?" ಎಂದು ಬಂಡೆಯ ಮೇಲೆ ಜಾರಿದ ಹಿಡಿಯ ಬಗ್ಗೆ ಕೇಳಿದಷ್ಟೇ ಸಹಜವಾಗಿ ಕೇಳಿ. ಉತ್ತರದಲ್ಲಿ ಮುಂದಿನ ಸಲದ ಎಚ್ಚರಿಕೆ ಇರುತ್ತದೆ. ಅದೇ ದಿನದಿಂದ ಮತ್ತೆ ಶುರುಮಾಡಲಿ.

ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356. ಪ್ರತಿ ಸಿಗರೇಟು ಪ್ಯಾಕಿನ ಎಚ್ಚರಿಕೆಯ ಚಿತ್ರದ ಜೊತೆಗೂ ಅದು ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದ್ದು ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಹಗ್ಗ ಹಿಡಿಯುವವರಲ್ಲಿ ಒಬ್ಬರು ಬಿಡಬೇಕೆಂದು ಒಮ್ಮೆಯಾದರೂ ಹೇಳಿದ್ದರೆ, ಅವರು ತಾವಾಗಿ ಕರೆ ಮಾಡಲಿ ಎಂದು ಕಾಯಬೇಡಿ. ಈ ವಾರವೇ ಪಕ್ಕದಲ್ಲಿ ಕೂತು ಆ ಸಂಖ್ಯೆ ಒತ್ತಿಸಿ. ನೀವೂ ಸೇದುವವರಾಗಿದ್ದರೆ ಇಬ್ಬರೂ ಸೇರಿ ಒಂದೇ ದಿನ ಬಿಡಿ.